ಬೋರ್ಡು ಹೊಸದು, ಕುರ್ಚಿ ಖಾಲಿ: ಸರ್ಕಾರ ಬೆಳೆದಿರುವುದು ಎಲ್ಲಿ, ಸೊರಗಿರುವುದು ಎಲ್ಲಿ?

ಅಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಚಿಲ್ಲರೆ ಜಮೀನನ್ನು ಅವ್ವನ ಹೆಸರಿಗೆ ಮಾಡಿಸಬೇಕಿತ್ತು. ಪೌತಿ ಖಾತೆ ಅಂತಾರಲ್ಲ, ಅದು. ನಮ್ಮೂರು ಈಗ ಹೊಸ ತಾಲ್ಲೂಕಿಗೆ ಸೇರಿದೆ. ಮೊದಲು ತಾಲ್ಲೂಕು ಕಚೇರಿಗೆ ಹೋಗಬೇಕೆಂದರೆ ಎರಡು ಬಸ್ ಹಿಡಿಯಬೇಕಿತ್ತು. ಈಗ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಹತ್ತಿರವಾಯ್ತಲ್ಲ ಅಂತ ಖುಷಿಯಿಂದಲೇ ಹೋದೆ.

ಕಚೇರಿ ಒಂದು ಹಳೇ ಸರ್ಕಾರಿ ಕಟ್ಟಡದಲ್ಲಿತ್ತು. ಬೋರ್ಡು ಮಾತ್ರ ಹೊಸದು. ಒಳಗೆ ಆರು ಮೇಜು. ಎರಡರ ಹಿಂದೆ ಜನ ಇದ್ದರು. ಒಂದರ ಮೇಲೆ ಕಂಪ್ಯೂಟರ್, ಅದಕ್ಕೆ ಹೊದಿಸಿದ ಪ್ಲಾಸ್ಟಿಕ್ ಕವರ್. ಉಳಿದ ಮೂರರ ಮೇಲೆ ಕೆಂಪು ದಾರ ಕಟ್ಟಿದ ಫೈಲುಗಳು.

"ಈ ಕೆಲಸ ನೋಡ್ಕೊಳ್ಳೋರು ಯಾರು ಸಾರ್?"

"ಅವರು ಇಲ್ಲಿಗೆ ಇನ್‌ಚಾರ್ಜ್ ಅಷ್ಟೇ. ಮಂಗಳವಾರ, ಶುಕ್ರವಾರ ಬರ್ತಾರೆ."

"ಹಳೇ ದಾಖಲೆದು ಒಂದು ನಕಲು ಬೇಕಿತ್ತು."

"ರೆಕಾರ್ಡ್ ರೂಮು ಇನ್ನೂ ಹಳೇ ತಾಲ್ಲೂಕಲ್ಲೇ ಇದೆ. ಅಲ್ಲಿಂದ ತಗೊಂಡು ಬಂದ್ಬಿಡಿ."

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ನಕ್ಕರು. "ಮೊದ್ಲು ಒಂದು ಆಫೀಸಿಗೆ ಅಲೀತಿದ್ವಿ. ಈಗ ಎರಡು. ಸರ್ಕಾರ ದೊಡ್ದಾಯ್ತು ಕಣಪ್ಪ" ಅಂದರು.

ಈ ಮಾತನ್ನು ನೀವೂ ಕೇಳಿರುತ್ತೀರಿ. ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ. ಎಷ್ಟೊಂದು ಇಲಾಖೆ, ಎಷ್ಟೊಂದು ನಿಗಮ, ಎಷ್ಟೊಂದು ಅಧ್ಯಕ್ಷರು, ಆದರೂ ಕೆಲಸ ಮಾತ್ರ ಆಗಲ್ಲ. ಈ ಸಿಟ್ಟು ಸುಮ್ನೆ ಬಂದದ್ದಲ್ಲ. ಆದರೆ 'ಸರ್ಕಾರ ದೊಡ್ಡದಾಗಿದೆ' ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಸರ್ಕಾರ ಖರ್ಚು ಮಾಡುವ ದುಡ್ಡು ಒಂದು. ಅದರಲ್ಲಿ ದುಡಿಯುವ ಜನ ಇನ್ನೊಂದು. ಅದು ತೆರೆಯುತ್ತಾ ಹೋಗುವ ಬಾಗಿಲುಗಳು, ಹಾಕುತ್ತಾ ಹೋಗುವ ಕುರ್ಚಿಗಳು ಮೂರನೆಯದು. ನಮ್ಮ ರಾಜ್ಯದಲ್ಲಿ ಈ ಮೂರೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ದುಡ್ಡು. ಇದನ್ನು ಬೇಗ ಮುಗಿಸೋಣ.

2015-16ರಲ್ಲಿ ಕರ್ನಾಟಕದ ಬಜೆಟ್ ಸುಮಾರು 1.42 ಲಕ್ಷ ಕೋಟಿ ರೂಪಾಯಿ. 2025-26ರದ್ದು 4,09,549 ಕೋಟಿ. ಹತ್ತು ವರ್ಷದಲ್ಲಿ ಹೆಚ್ಚೂಕಡಿಮೆ ಮೂರು ಪಟ್ಟು. ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ. ಆದರೆ ಅದೇ ಹತ್ತು ವರ್ಷದಲ್ಲಿ ಬೆಲೆಗಳೂ ಏರಿವೆ, ರಾಜ್ಯದ ಒಟ್ಟು ಉತ್ಪನ್ನವೂ ಹತ್ತು ಲಕ್ಷ ಕೋಟಿಯ ಆಸುಪಾಸಿನಿಂದ ಮೂವತ್ತು ಲಕ್ಷ ಕೋಟಿಯ ಹತ್ತಿರ ಬಂದಿದೆ. ಅಂದರೆ ರಾಜ್ಯದಲ್ಲಿ ನೂರು ರೂಪಾಯಿಯ ವಹಿವಾಟು ನಡೆದರೆ ಸರ್ಕಾರದ ಬಜೆಟ್ ಆಗಲೂ ಹದಿಮೂರು ಹದಿನಾಲ್ಕು ರೂಪಾಯಿ, ಈಗಲೂ ಅಷ್ಟೇ. ಮನೆಯ ಆದಾಯದ ಜೊತೆ ಖರ್ಚೂ ಏರಿತು, ಅಷ್ಟೇ. ಖರ್ಚಿನ ಒಳಗಿನ ಪಾಲು ಬದಲಾಗಿದೆ, ಅದು ನಿಜ. ಐದು ಗ್ಯಾರಂಟಿಗಳಿಗೇ ವರ್ಷಕ್ಕೆ 51 ಸಾವಿರ ಕೋಟಿಯಷ್ಟು ಹೋಗುತ್ತದೆ. ಅದು ಸರಿಯೋ ತಪ್ಪೋ ಅನ್ನುವುದು ಬೇರೆಯೇ ಜಗಳ. ಗೃಹಲಕ್ಷ್ಮಿಯ ಎರಡು ಸಾವಿರ ಸರ್ಕಾರದ ಖಜಾನೆಯಿಂದ ಹೊರಟು ಸೀದಾ ಹೆಂಗಸರ ಖಾತೆಗೆ ಬೀಳುತ್ತದೆ. ಅದರಿಂದ ಸರ್ಕಾರದ ಖರ್ಚು ಜಾಸ್ತಿಯಾಗುತ್ತದೆಯೇ ಹೊರತು ನೀವು ಅಲೆಯಬೇಕಾದ ಕಚೇರಿಗಳು ಜಾಸ್ತಿಯಾಗುವುದಿಲ್ಲ.

ಎರಡನೆಯದು ಜನ. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ.

ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಏಳೂಮುಕ್ಕಾಲು ಲಕ್ಷದ ಹತ್ತಿರ ಇವೆ. ಅದರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ. ಅಂದರೆ ಮೂರು ಕುರ್ಚಿಯಲ್ಲಿ ಹೆಚ್ಚೂಕಡಿಮೆ ಒಂದರಲ್ಲಿ ಯಾರೂ ಇಲ್ಲ. 'ಮಂಜೂರಾದ ಹುದ್ದೆ' ಅಂದರೆ ಕಾಗದದ ಮೇಲೆ ಇರುವ ಕುರ್ಚಿ. ಅದಕ್ಕೆ ಒಬ್ಬ ಮನುಷ್ಯ ಬಂದು ಕೂರಬೇಕಾದರೆ ಆರ್ಥಿಕ ಇಲಾಖೆ ಒಪ್ಪಬೇಕು, ಮೀಸಲಾತಿಯ ಸರದಿ ಪಟ್ಟಿ, ಅಂದರೆ ರೋಸ್ಟರ್ ಸರಿಯಾಗಬೇಕು, ಅಧಿಸೂಚನೆ ಹೊರಡಬೇಕು, ಪರೀಕ್ಷೆ ನಡೆಯಬೇಕು, ಆಮೇಲೆ ಕೋರ್ಟು ಕಚೇರಿ ಮುಗಿಯಬೇಕು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಗಾಡಿ ನಿಲ್ಲಬಹುದು. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯನ್ನೇ ನೋಡಿ. 2021ರಲ್ಲಿ ಪರೀಕ್ಷೆ ಆಯಿತು, ಅಕ್ರಮ ಬಯಲಾಯಿತು, 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅದೇ ವರ್ಷದ ಕೊನೆಗೆ, ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳ ಒಳಗೇ ಪಾಲು ಮಾಡುವ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ದಶಕಗಳ ನ್ಯಾಯವಾದ ಬೇಡಿಕೆ. ಆದರೆ ಧಾರವಾಡದ ಲೈಬ್ರರಿಗಳಲ್ಲಿ ನೇಮಕಾತಿ ಪರೀಕ್ಷೆಗೆ ಓದುತ್ತಾ ಕೂತ ಹುಡುಗರ ವಯಸ್ಸು ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ.

ಇದರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿ ಇದೆ. ಖಾಲಿ ಹುದ್ದೆ ಖಜಾನೆಗೆ ಹಿತ. ಒಬ್ಬ ಕಾಯಂ ನೌಕರನನ್ನು ತೆಗೆದುಕೊಂಡರೆ ಮೂವತ್ತು ವರ್ಷದ ಸಂಬಳದ ಹೊಣೆ ಹೊತ್ತ ಹಾಗೆ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದಾಗ ಸರ್ಕಾರವೇ ಹೇಳಿದ ಲೆಕ್ಕ, ವರ್ಷಕ್ಕೆ 20,208 ಕೋಟಿ ಹೆಚ್ಚುವರಿ ಹೊರೆ. ಆರಂಭಿಕ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ಇರುವವರ ಸಂಬಳ ಏರಿದಷ್ಟೂ ಹೊಸಬರನ್ನು ತೆಗೆದುಕೊಳ್ಳಲು ಕೈ ಹಿಂಜರಿಯುತ್ತದೆ. ಆಗ ಸಿಗುವ ಸುಲಭದ ದಾರಿ ಹೊರಗುತ್ತಿಗೆ. ಡೇಟಾ ಎಂಟ್ರಿ ಹುಡುಗಿ, ಡ್ರೈವರ್, ಅತಿಥಿ ಶಿಕ್ಷಕ, ಅತಿಥಿ ಉಪನ್ಯಾಸಕ. ಸರ್ಕಾರಿ ಶಾಲೆಗಳು ಪ್ರತಿ ಜೂನ್‌ನಲ್ಲಿ ಹತ್ತಾರು ಸಾವಿರ ಅತಿಥಿ ಶಿಕ್ಷಕರ ಮೇಲೆ ನಿಂತೇ ಬಾಗಿಲು ತೆರೆಯುತ್ತವೆ. ಎಷ್ಟೋ ವರ್ಷದಿಂದ ಪಾಠ ಮಾಡುತ್ತಿದ್ದರೂ ಅವರು ಇನ್ನೂ 'ಅತಿಥಿ'ಗಳೇ. ಸರ್ಕಾರದ ಲೆಕ್ಕದ ಪುಸ್ತಕದಲ್ಲಿ ಅವರು ನೌಕರರಲ್ಲ. ನಮಗೆ ಮಾತ್ರ ಅವರೇ ಸರ್ಕಾರ.

ಗ್ರಾಮ ಲೆಕ್ಕಿಗರನ್ನೇ ತೆಗೆದುಕೊಳ್ಳಿ. ಹಳ್ಳಿಯಲ್ಲಿ ಸರ್ಕಾರ ಅಂದರೆ ಮೊದಲು ಶಾನುಭೋಗರು, ಪಟೇಲರು. 1961ರ ಕಾಯ್ದೆಯಲ್ಲಿ ಆ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಗ್ರಾಮ ಲೆಕ್ಕಿಗರು ಬಂದರು. ಕೆಲವು ವರ್ಷಗಳ ಹಿಂದೆ ಅವರ ಹೆಸರನ್ನು 'ಗ್ರಾಮ ಆಡಳಿತ ಅಧಿಕಾರಿ' ಅಂತ ಬದಲಿಸಿದರು. ಹೆಸರು ದೊಡ್ಡದಾಯಿತು, ಕೆಲಸವೂ ದೊಡ್ಡದಾಯಿತು. ಬೆಳೆ ಸಮೀಕ್ಷೆ, ಬೆಳೆಹಾನಿ, ಆಧಾರ್ ಜೋಡಣೆ, ಪಿಂಚಣಿ ಪರಿಶೀಲನೆ, ಜಾತಿ ಆದಾಯ ಪ್ರಮಾಣಪತ್ರದ ವರದಿ, ಚುನಾವಣೆ ಕೆಲಸ. 2024ರ ಸೆಪ್ಟೆಂಬರ್‌ನಲ್ಲಿ ಮತ್ತು 2025ರ ಫೆಬ್ರುವರಿಯಲ್ಲಿ ಅವರು ಮುಷ್ಕರ ಹೂಡಿದರು. ಅವರ ದೂರಿನಲ್ಲಿ ಮುಖ್ಯವಾದದ್ದು, ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಾರೆ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು ಕೊಟ್ಟಿಲ್ಲ ಅನ್ನುವುದು. ಒಂದೊಂದು ಆ್ಯಪ್ ಹಿಂದೆ ಬೆಂಗಳೂರಿನಲ್ಲಿ ಒಂದೊಂದು ವಿಭಾಗ, ಒಂದೊಂದು ನಿರ್ದೇಶನಾಲಯ, ಒಂದೊಂದು ವಿಡಿಯೊ ಕಾನ್ಫರೆನ್ಸು. ಮೇಲೆ ಹದಿನೇಳು ಕಡೆಯಿಂದ ಹಗ್ಗ ಎಳೆಯುತ್ತಾರೆ. ಕೆಳಗೆ ಎತ್ತು ಒಂದೇ.

ಇನ್ನು ಮೂರನೆಯದು, ಬಾಗಿಲುಗಳು ಮತ್ತು ಕುರ್ಚಿಗಳು. ಜನರ ಸಿಟ್ಟು ನಿಜವಾಗಿ ಹುಟ್ಟುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1956ರಲ್ಲಿ ರಾಜ್ಯ ಒಂದಾದಾಗ ನಮ್ಮಲ್ಲಿ 19 ಜಿಲ್ಲೆಗಳು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಸೇರಿ 20. 1997ರಲ್ಲಿ ಒಟ್ಟಿಗೇ ಏಳು: ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ದಾವಣಗೆರೆ, ಚಾಮರಾಜನಗರ. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ. ಆಮೇಲೆ ಯಾದಗಿರಿ. 2021ರಲ್ಲಿ ವಿಜಯನಗರ. ಈಗ 31. ತಾಲ್ಲೂಕುಗಳ ಕಥೆ ಇನ್ನೂ ಜೋರು. 2013ರ ಬಜೆಟ್‌ನಲ್ಲಿ 43 ಹೊಸ ತಾಲ್ಲೂಕು ಘೋಷಣೆಯಾದವು. ಸರ್ಕಾರ ಬದಲಾಯಿತು, ಪಟ್ಟಿ ಮೂಲೆ ಸೇರಿತು. 2017ರ ಬಜೆಟ್‌ನಲ್ಲಿ ಅದೇ ಪಟ್ಟಿ ಇನ್ನಷ್ಟು ಉದ್ದವಾಗಿ ಬಂತು. 176 ಇದ್ದ ತಾಲ್ಲೂಕುಗಳು ಇನ್ನೂರು ದಾಟಿ ಮುಂದಕ್ಕೆ ಹೋದವು.

ಒಂದು ಜಿಲ್ಲೆ ಅಂದರೆ ಡಿಸಿ ಒಬ್ಬರೇ ಅಲ್ಲ. ಎಸ್‌ಪಿ ಬೇಕು, ಜಿಲ್ಲಾ ಪಂಚಾಯಿತಿಗೆ ಸಿಇಒ ಬೇಕು, ಶಾಲೆಗಳಿಗೆ ಡಿಡಿಪಿಐ, ಆರೋಗ್ಯಕ್ಕೆ ಡಿಎಚ್‌ಒ, ಕೃಷಿಗೆ ಜಂಟಿ ನಿರ್ದೇಶಕರು, ತೋಟಗಾರಿಕೆ, ಮೀನುಗಾರಿಕೆ, ರೇಷ್ಮೆ, ಖಜಾನೆ. ಪ್ರತಿಯೊಬ್ಬರಿಗೂ ಕಟ್ಟಡ, ಜೀಪು, ಡ್ರೈವರು, ಬೆರಳಚ್ಚುಗಾರರು. ಇವರನ್ನೆಲ್ಲ ಹೊಸದಾಗಿ ನೇಮಿಸಿದರೆ ದುಡ್ಡು ಬೇಕು. ದುಡ್ಡಿಲ್ಲ. ಹಾಗಾಗಿ ಏನು ಮಾಡುತ್ತಾರೆ? ಹಳೇ ಕಡೆಯಿಂದ ನಾಲ್ಕು ಜನರನ್ನು ನಿಯೋಜನೆ ಮೇಲೆ ಕಳಿಸುತ್ತಾರೆ. ಒಂದು ಹಂಡೆ ಸಾರನ್ನೇ ಎರಡು ಹಂಡೆಗೆ ಹಂಚಿ, ಎರಡಕ್ಕೂ ನೀರು ಬೆರೆಸಿದ ಹಾಗೆ. ನಾನು ಕಂಡ ಆರು ಮೇಜಿನ ಕಚೇರಿ ಹುಟ್ಟಿದ್ದು ಹೀಗೇ.

ಇಷ್ಟಾದರೂ ಹೊಸ ಜಿಲ್ಲೆ, ಹೊಸ ತಾಲ್ಲೂಕು ಕೇಳುವವರು ಯಾರು? ನಾವೇ. ಚಿಕ್ಕೋಡಿ ಜಿಲ್ಲೆಯಾಗಲಿ ಅನ್ನುವ ಕೂಗು ದಶಕಗಳಷ್ಟು ಹಳೆಯದು. ಶಿರಸಿಯಲ್ಲಿದೆ, ಮಧುಗಿರಿಯಲ್ಲಿದೆ. ಬಂದ್ ಆಗುತ್ತದೆ, ಧರಣಿ ಆಗುತ್ತದೆ. ಮತ್ತು ಕೇಳುವವರದ್ದು ತಪ್ಪು ಅಂತ ನಾನು ಹೇಳಲಾರೆ. ದಿನಗೂಲಿ ಬಿಟ್ಟು ನೂರು ಕಿಲೋಮೀಟರ್ ಹೋಗಿ 'ಸಾಹೇಬ್ರು ಮೀಟಿಂಗಲ್ಲಿದ್ದಾರೆ' ಅಂತ ಕೇಳಿಸಿಕೊಂಡು ಬಂದವನಿಗೆ ಗೊತ್ತು ಆ ಕಷ್ಟ. ಉಡುಪಿ ಜಿಲ್ಲೆಯಾದ ಮೇಲೆ ಬೈಂದೂರು ಕಡೆಯವರಿಗೆ ಮಂಗಳೂರಿನ ಓಡಾಟ ಉಳಿದದ್ದು ಸಣ್ಣ ವಿಷಯ ಅಲ್ಲ.

ಆದರೆ ಹರಪನಹಳ್ಳಿಯನ್ನು ನೋಡಿ. 1997ರವರೆಗೆ ಬಳ್ಳಾರಿ ಜಿಲ್ಲೆ. ಆಮೇಲೆ ದಾವಣಗೆರೆಗೆ ಹೋಯಿತು. ಬಳ್ಳಾರಿಯೂ ಸೇರಿರುವ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯಡಿ ಓದು, ಉದ್ಯೋಗದಲ್ಲಿ ಮೀಸಲಿನ ಸೌಲಭ್ಯ ಬಂದಾಗ ತಾವು ಅದರಿಂದ ಹೊರಗುಳಿದೆವಲ್ಲ ಅಂತ ಜನ ಹೋರಾಡಿದರು. 2018ರ ಹೊತ್ತಿಗೆ ಮತ್ತೆ ಬಳ್ಳಾರಿಗೆ ಸೇರಿಸುವ ತೀರ್ಮಾನ ಆಯಿತು. ಅಲ್ಲಿ ಕಾಲೂರುವಷ್ಟರಲ್ಲಿ 2021ರಲ್ಲಿ ವಿಜಯನಗರ ಜಿಲ್ಲೆ. ಕಾಲು ಶತಮಾನದಲ್ಲಿ ಮೂರು ಸಲ ಜಿಲ್ಲೆ ಬದಲು. ಪ್ರತಿ ಸಲವೂ ಫೈಲುಗಳು ಲಾರಿ ಹತ್ತಬೇಕು, ಸೀಲು ಬದಲಾಗಬೇಕು, ಶಿಕ್ಷಕರ ಜ್ಯೇಷ್ಠತಾ ಪಟ್ಟಿ ಹೊಸದಾಗಿ ಬರೆಯಬೇಕು. ಅಲ್ಲಿನ ಹಿರಿಯರೊಬ್ಬರ ಮನೆಯ ಕಬ್ಬಿಣದ ಪೆಟ್ಟಿಗೆ ತೆಗೆದರೆ ಒಂದೇ ಹೊಲದ ಕಾಗದಗಳ ಮೇಲೆ ಮೂರು ಜಿಲ್ಲೆಯ ಮೊಹರು ಸಿಗಬಹುದು.

ಬೆಂಗಳೂರಿನದು ಇನ್ನೊಂದು ತಮಾಷೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ಮಾಡಿದರು. ಎಲ್ಲ ಒಂದೇ ಕೈಯಲ್ಲಿದ್ದರೆ ಆಡಳಿತ ಸಲೀಸು ಅಂದರು. 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು, ಆಮೇಲೆ ಬಿಬಿಎಂಪಿಗೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಐದು ಪಾಲಿಕೆ ಮಾಡಿದರು. ಈಗಿನ ಕಾರಣ, ಊರು ತುಂಬಾ ದೊಡ್ಡದಾಗಿದೆ, ಒಂದೇ ಕೈಗೆ ಸಿಗಲ್ಲ. ಐದರ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಪಕ್ಕದಲ್ಲಿ ಬಿಡಿಎ, ಜಲಮಂಡಳಿ, ಮೆಟ್ರೊ ನಿಗಮ, ಬಿಎಂಆರ್‌ಡಿಎ ಎಲ್ಲ ಇದ್ದ ಹಾಗೇ ಇವೆ. ಕೂಡಿಸಿದರೂ ಸರ್ಕಾರ ಬೆಳೆಯಿತು, ಒಡೆದರೂ ಬೆಳೆಯಿತು. ಮನೆ ಮುಂದಿನ ಗುಂಡಿಗೆ ಯಾರನ್ನು ಕೇಳಬೇಕು ಅನ್ನುವುದು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ಇದೆಲ್ಲ ಆಡಳಿತದ ಬಾಗಿಲುಗಳಾಯಿತು. ಕುರ್ಚಿಗಳ ವಿಷಯ ಬೇರೆ.

1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸಂಪುಟದಲ್ಲಿ 93 ಸಚಿವರಿದ್ದರು. ಪಕ್ಷ ಬಿಟ್ಟು ಬಂದವರಿಗೆಲ್ಲ ಒಂದೊಂದು ಖಾತೆ. ಇಂಥದ್ದನ್ನು ನಿಲ್ಲಿಸಲೆಂದೇ 2003ರಲ್ಲಿ ಸಂವಿಧಾನದ 91ನೇ ತಿದ್ದುಪಡಿ ಬಂತು. ಸಚಿವರ ಸಂಖ್ಯೆ ಕೆಳಮನೆಯ ಸದಸ್ಯರ ಶೇ 15ರಷ್ಟನ್ನು ಮೀರಬಾರದು. ನಮ್ಮ 224 ಶಾಸಕರಿಗೆ ಲೆಕ್ಕ ಹಾಕಿದರೆ ಮುಖ್ಯಮಂತ್ರಿ ಸೇರಿ 34. ಒಳ್ಳೆಯ ಕಾನೂನು. ಆದರೆ ನೀರಿಗೆ ಅಡ್ಡ ಕಟ್ಟಿದರೆ ಪಕ್ಕದಲ್ಲಿ ಹರಿಯುತ್ತದೆ. ಸಚಿವ ಸ್ಥಾನ ಸಿಗದವರಿಗೆ ನಿಗಮ ಮಂಡಳಿ. 2024ರ ಜನವರಿಯಲ್ಲಿ ಹೀಗೆ 34 ಶಾಸಕರು ಒಂದೇ ಪಟ್ಟಿಯಲ್ಲಿ ನಿಗಮ ಮಂಡಳಿಗಳಿಗೆ ಅಧ್ಯಕ್ಷರಾದರು. ಆಮೇಲೆ ಕಾರ್ಯಕರ್ತರ ಪಟ್ಟಿ ಬೇರೆ ಬಂತು. ಹಿಂದಿನ ಸರ್ಕಾರ ಏನು ಕಡಿಮೆ ಇರಲಿಲ್ಲ. ಈ ವಿಷಯದಲ್ಲಿ ನಮ್ಮ ಮೂರೂ ಪಕ್ಷಗಳು ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ.

ನಿಗಮಗಳಲ್ಲೂ ಎರಡು ಥರ. ಕೆಪಿಟಿಸಿಎಲ್, ಕೆಎಸ್‌ಆರ್‌ಟಿಸಿಯಂಥವು ನಿಜವಾಗಿ ಕೆಲಸ ಮಾಡಲೇಬೇಕಾದವು. ಅಲ್ಲಿ ಬಸ್ಸು ಓಡುತ್ತದೆ, ಕರೆಂಟು ಹರಿಯುತ್ತದೆ. ಇನ್ನೊಂದು ಥರ ಸಮುದಾಯದ ಅಭಿವೃದ್ಧಿ ನಿಗಮಗಳು. ಹಿಂದುಳಿದ ವರ್ಗಗಳ ನಿಗಮ, ಈಗಿನ ದೇವರಾಜ ಅರಸು ನಿಗಮ, ಹುಟ್ಟಿದ್ದು 1977ರಲ್ಲಿ. ಸಾಲ ಸಿಗದ ಜನರಿಗೆ ಸಾಲ ಕೊಡುವುದು ಅದರ ಉದ್ದೇಶ. ಅದರಿಂದ ಹೊಲಿಗೆ ಯಂತ್ರ, ಕೊಳವೆಬಾವಿ ಪಡೆದ ಮನೆಗಳು ಇವೆ. ಆಮೇಲೆ ಒಂದೊಂದು ಸಮುದಾಯಕ್ಕೂ ಒಂದೊಂದು ನಿಗಮ ಅನ್ನುವ ಕಾಲ ಬಂತು. 2019ರಿಂದ ಎರಡು ಮೂರು ವರ್ಷದಲ್ಲಿ ಆರ್ಯವೈಶ್ಯ, ಬ್ರಾಹ್ಮಣ, ವೀರಶೈವ ಲಿಂಗಾಯತ, ಮರಾಠ, ಒಕ್ಕಲಿಗ, ಹೀಗೆ ಸಾಲಾಗಿ ಘೋಷಣೆಗಳಾದವು. ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಇಲ್ಲ ಅನ್ನಲು ಯಾವ ಮುಖ್ಯಮಂತ್ರಿಗೂ ಬಾಯಿ ಬರುವುದಿಲ್ಲ. ಸಾಲದ ಅರ್ಜಿ ಎಲ್ಲಕ್ಕೂ ಹೆಚ್ಚೂಕಡಿಮೆ ಒಂದೇ ಥರ. ಅಧ್ಯಕ್ಷರು ಮಾತ್ರ ಬೇರೆ ಬೇರೆ. ಮೊನ್ನೆ ಮೊನ್ನೆ ಗ್ಯಾರಂಟಿ ಅನುಷ್ಠಾನ ಸಮಿತಿಗಳೂ ಬಂದವು. ರಾಜ್ಯಕ್ಕೊಂದು, ಜಿಲ್ಲೆಗೊಂದು, ತಾಲ್ಲೂಕಿಗೊಂದು. ಸದಸ್ಯರಾದ ಕಾರ್ಯಕರ್ತರಿಗೆ ಗೌರವಧನ. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಇದರ ಮೇಲೆ ದೊಡ್ಡ ಗಲಾಟೆಯೇ ಆಯಿತು. ಅದೇ ತಿಂಗಳು ಅದೇ ಸದನದಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದ್ದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆ ಪಾಸಾಯಿತು. ಅದು ಪಾಸಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಿಜ ಹೇಳಬೇಕೆಂದರೆ ಈ ಕುರ್ಚಿಗಳ ಖರ್ಚು ನಾಲ್ಕು ಲಕ್ಷ ಕೋಟಿಯ ಬಜೆಟ್‌ನಲ್ಲಿ ಉಪ್ಪಿನಕಾಯಿಯಷ್ಟು. ಅದನ್ನೆಲ್ಲ ನಾಳೆ ನಿಲ್ಲಿಸಿದರೂ ತೆರಿಗೆ ಇಳಿಯುವುದಿಲ್ಲ. ಆದರೂ ಅದೇ ಏಕೆ ಕಣ್ಣಿಗೆ ಚುಚ್ಚುತ್ತದೆ ಅಂದರೆ, ಒಂದು ಕಡೆ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹದಿನೈದು ಸಾವಿರ ಕೊಡಿ ಅಂತ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಮಲಗುತ್ತಾರೆ. ಇನ್ನೊಂದು ಕಡೆ ಹೆಸರೇ ಕೇಳಿರದ ಮಂಡಳಿಯ ಅಧ್ಯಕ್ಷರ ಇನ್ನೋವಾ ಸೈರನ್ ಹಾಕಿಕೊಂಡು ಹೋಗುತ್ತದೆ. ಎರಡನ್ನೂ ಒಂದೇ ದಿನ ನೋಡಿದವನಿಗೆ ಶೇಕಡಾವಾರು ಲೆಕ್ಕ ಹೇಳಿ ಪ್ರಯೋಜನ ಇಲ್ಲ.

ಇಷ್ಟೊಂದು ಬಾಗಿಲುಗಳಿದ್ದರೂ ಕೆಲಸ ತಡವಾಗುವುದು ಯಾಕೆ? ಒಂದು ಫೈಲಿನ ಹಿಂದೆ ನಡೆದು ನೋಡೋಣ.

ತಾಲ್ಲೂಕಿನಿಂದ ಒಂದು ಪ್ರಸ್ತಾವ ಮೇಲೆ ಹೋಗುತ್ತದೆ ಅಂದುಕೊಳ್ಳಿ. ಜಿಲ್ಲೆ ದಾಟಿ, ಆಯುಕ್ತಾಲಯ ದಾಟಿ ಸಚಿವಾಲಯಕ್ಕೆ ಬರುತ್ತದೆ. ಅಲ್ಲಿ ಟಪಾಲಿನಲ್ಲಿ ನಂಬರ್ ಬೀಳುತ್ತದೆ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ. ಶಾಖಾಧಿಕಾರಿ ನೋಡುತ್ತಾರೆ. ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಕಾರ್ಯದರ್ಶಿ, ಆಮೇಲೆ ಸಚಿವರು. ದುಡ್ಡಿನ ವಿಷಯ ಇದ್ದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಅಲ್ಲಿ ಮತ್ತೆ ಅದೇ ಮೆಟ್ಟಿಲು, ಕೆಳಗಿನಿಂದ. ಆರ್ಥಿಕ ಇಲಾಖೆ ಒಂದು ಪ್ರಶ್ನೆ ಕೇಳಿದರೆ ಫೈಲು ಪೂರ್ತಿ ಇಳಿದು ಮತ್ತೆ ಹತ್ತುತ್ತದೆ. ಈಗೆಲ್ಲ ಇ-ಆಫೀಸ್ ಬಂದಿದೆ. ಫೈಲು ಕಂಪ್ಯೂಟರಿನಲ್ಲೇ ಓಡಾಡುತ್ತದೆ. ಮೆಟ್ಟಿಲುಗಳ ಸಂಖ್ಯೆ ಮಾತ್ರ ಅಷ್ಟೇ.

ಈ ಮೆಟ್ಟಿಲುಗಳನ್ನು ಕಟ್ಟಿದವರು ಮೂರ್ಖರಲ್ಲ. ಒಬ್ಬನೇ ಸಹಿ ಹಾಕಿದರೆ ಮೋಸ ಆಗಬಹುದು ಅಂತ ಇನ್ನೊಬ್ಬನನ್ನು ಇಟ್ಟರು. ಅವನ ಮೇಲೂ ನಂಬಿಕೆ ಇಲ್ಲ ಅಂತ ಮತ್ತೊಬ್ಬನನ್ನು. ಎಲ್ಲೋ ಒಂದು ಹಗರಣ ಆದಾಗಲೆಲ್ಲ ಒಂದು ಸಹಿ ಜಾಸ್ತಿಯಾಗುತ್ತದೆ. ಅದು ಮತ್ತೆ ಕಡಿಮೆಯಾಗುವುದಿಲ್ಲ. ಸಹಿ ತೆಗೆದ ಮೇಲೆ ನಾಳೆ ಏನಾದರೂ ಆದರೆ 'ತೆಗೆದವನು ಯಾರು' ಅಂತ ಕೇಳುತ್ತಾರೆ. ಇಟ್ಟುಕೊಂಡು ತಡವಾದರೆ ಯಾರೂ ಕೇಳುವುದಿಲ್ಲ.

ಹಾಗಂತ ಮೆಟ್ಟಿಲು ಕಡಿಮೆ ಮಾಡಲು ಆಗುವುದೇ ಇಲ್ಲ ಅಂತಲ್ಲ. 2000ದ ಹೊತ್ತಿಗೆ ಬಂದ 'ಭೂಮಿ' ಯೋಜನೆ ನೆನಪಿಸಿಕೊಳ್ಳಿ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಅದಕ್ಕೆ ಮುಂಚೆ ಪಹಣಿ ಬರೆದುಕೊಡುವುದು ಗ್ರಾಮ ಲೆಕ್ಕಿಗರ ಮರ್ಜಿ. ಆಮೇಲೆ ತಾಲ್ಲೂಕಿನ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿಸಿದ ಹಾಳೆ ಕೈಗೆ. ನನ್ನ ಅಪ್ಪ ಮೊದಲ ಸಲ ಅದನ್ನು ತಂದಾಗ ಮಡಚದೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿದ್ದರು. ಅಲ್ಲಿ ಹೊಸ ಇಲಾಖೆ ಹುಟ್ಟಿಸಲಿಲ್ಲ, ಹೊಸ ಅಧ್ಯಕ್ಷರನ್ನು ಕೂರಿಸಲಿಲ್ಲ. ಮಧ್ಯದ ಒಂದು ಕೈಯನ್ನು ತೆಗೆದರು.

ಆದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ಜನ ತಡವಾಯಿತು ಅಂತ ರೇಗುತ್ತಾರೆ. ಸರ್ಕಾರ ಆ ಸಿಟ್ಟಿಗೆ ಉತ್ತರವಾಗಿ ಇನ್ನೊಂದು ಬಾಗಿಲು ತೆರೆಯುತ್ತದೆ. ಸಕಾಲ ಹಾಗೆ ಬಂದದ್ದು. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿ. ಇಷ್ಟು ದಿನದಲ್ಲಿ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ಅಧಿಕಾರಿಯ ಜೇಬಿನಿಂದ. ದೇಶದಲ್ಲೇ ಹೆಸರು ಮಾಡಿದ ಕಾನೂನು. ಮೊದಲ ವರ್ಷಗಳಲ್ಲಿ ಚುರುಕು ಮುಟ್ಟಿಸಿತ್ತು ಕೂಡ. ಆಮೇಲೆ ಕೌಂಟರ್‌ನವರು ಅದರ ಮರ್ಮ ಕಲಿತರು. ಗಡುವಿಗೆ ಎರಡು ದಿನ ಇರುವಾಗ 'ದಾಖಲೆ ಅಪೂರ್ಣ' ಅಂತ ಹಿಂಬರಹ ಕೊಟ್ಟರೆ ಅರ್ಜಿ ಸಕಾಲದ ಲೆಕ್ಕದಲ್ಲಿ ವಿಲೇವಾರಿ ಆದಂತೆ. ನಿಮ್ಮ ಕೆಲಸ ಆಗಿಲ್ಲ, ಅವರ ಅಂಕಿ ಅಂಶ ಸರಿ. ಅದೂ ಬೇಡ ಅಂದರೆ, 'ಮೊದ್ಲು ಎಲ್ಲಾ ಕಾಗದ ತನ್ನಿ, ಆಮೇಲೆ ನಂಬರ್ ಕೊಡ್ತೀವಿ' ಅಂದುಬಿಟ್ಟರೆ ಗಡಿಯಾರ ಶುರುವೇ ಆಗುವುದಿಲ್ಲ.

ಅರ್ಜಿ ಹಾಕಲು ನಾಡಕಚೇರಿ ಸಾಲದು ಅಂತ ಬೆಂಗಳೂರು ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರ, ಗ್ರಾಮ ಒನ್. ದೂರು ಹೇಳಲು ಜನತಾ ದರ್ಶನ, ಜನಸ್ಪಂದನ, 1902 ಸಹಾಯವಾಣಿ. ಮುಖ್ಯಮಂತ್ರಿಗಳ ಗ್ರಾಮ ವಾಸ್ತವ್ಯ ಒಂದು ಕಾಲಕ್ಕೆ, ಜಿಲ್ಲಾಧಿಕಾರಿಗಳ ನಡೆ ಹಳ್ಳಿ ಕಡೆ ಇನ್ನೊಂದು ಕಾಲಕ್ಕೆ. ಇವುಗಳಲ್ಲಿ ಯಾವುದರಲ್ಲೇ ನೀವು ಅರ್ಜಿ ಹಾಕಿ, ಅದು ಕೊನೆಗೆ ಇಳಿದು ಬರುವುದು ಎಲ್ಲಿಗೆ? ಅದೇ ಗ್ರಾಮ ಆಡಳಿತ ಅಧಿಕಾರಿಯ ಮೊಬೈಲಿಗೆ. ಕೊಡ ಹತ್ತು ಇಟ್ಟರೆ ನಲ್ಲಿಯಲ್ಲಿ ನೀರು ಜಾಸ್ತಿ ಬರುವುದಿಲ್ಲ, ಅಲ್ವಾ?

ಒಮ್ಮೆ ತೆರೆದ ಬಾಗಿಲು ಮುಚ್ಚುವುದು ಅಪರೂಪ. ಮುಚ್ಚಿದ ಉದಾಹರಣೆ ಹುಡುಕಿದರೆ ಬೆರಳೆಣಿಕೆ. 1979ರಲ್ಲಿ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ರದ್ದಾದಾಗ ಊರ ಬಾಗಿಲಿನ ಸುಂಕದ ಕಟ್ಟೆಗಳು ಹೋದವು. 2017ರಲ್ಲಿ ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ಎರಡೂ ಸಲ ಆ ತೆರಿಗೆಯೇ ಹೋಯಿತು, ಅದಕ್ಕೆ ಬಾಗಿಲೂ ಹೋಯಿತು. 2016ರಲ್ಲಿ ಹುಟ್ಟಿದ ಭ್ರಷ್ಟಾಚಾರ ನಿಗ್ರಹ ದಳ ಎಸಿಬಿಯನ್ನು 2022ರ ಆಗಸ್ಟ್‌ನಲ್ಲಿ ಮುಚ್ಚಿಸಿದ್ದು ಹೈಕೋರ್ಟು. ಸರ್ಕಾರ ತಾನಾಗಿಯೇ ಒಂದು ಮಂಡಳಿಯನ್ನು ಕರೆದು 'ನಿನ್ನ ಕೆಲಸ ಮುಗಿಯಿತು, ಮನೆಗೆ ಹೋಗು' ಅನ್ನುವುದು ಕಷ್ಟ. ಅಲ್ಲಿ ನೌಕರರಿದ್ದಾರೆ, ಅವರ ಸಂಘ ಇದೆ. ಅಧ್ಯಕ್ಷರಿದ್ದಾರೆ, ಅವರ ಹಿಂದೆ ಸಮುದಾಯ ಇದೆ. ಮುಚ್ಚಿದ್ದರಿಂದ ಉಳಿಯುವ ದುಡ್ಡು ಆರೂವರೆ ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕಾಣೆ. ಅದಕ್ಕಾಗಿ ಯಾರೂ ಮೆರವಣಿಗೆ ಹೊರಡುವುದಿಲ್ಲ. ಮುಚ್ಚಬೇಡಿ ಅಂತ ಹೊರಡುವವರು ಮಾತ್ರ ಮರುದಿನವೇ ಬೀದಿಯಲ್ಲಿರುತ್ತಾರೆ.

ಇದನ್ನೆಲ್ಲ ಸರಿಮಾಡಲು ಆಡಳಿತ ಸುಧಾರಣಾ ಆಯೋಗಗಳೂ ಬಂದಿವೆ. 2000ದ ಹೊತ್ತಿಗೆ ಹಾರನಹಳ್ಳಿ ರಾಮಸ್ವಾಮಿ ಅವರದ್ದು. 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರದ್ದು. ಆಮೇಲೆ ಅದೇ ಆಯೋಗಕ್ಕೆ ಆರ್.ವಿ. ದೇಶಪಾಂಡೆ ಅಧ್ಯಕ್ಷರಾದರು. ಸಾವಿರಾರು ಶಿಫಾರಸುಗಳು ಬಂದಿವೆ. ಕೆಲವು ಜಾರಿಯಾಗಿವೆ ಕೂಡ. ಸರ್ಕಾರವನ್ನು ತೆಳ್ಳಗೆ ಮಾಡುವುದು ಹೇಗೆ ಅಂತ ಹೇಳಲಿಕ್ಕೂ ಒಂದು ಕಚೇರಿ, ಒಂದಷ್ಟು ಸಿಬ್ಬಂದಿ, ಒಂದು ಬೋರ್ಡು ಬೇಕಾಗುತ್ತದೆ. ಏನು ಮಾಡೋದು.

ಬೋರ್ಡು ಅಂದಾಗ ನೆನಪಾಯಿತು. ತಾಲ್ಲೂಕು ಕಚೇರಿಗಳಿಗೆ ಮೊದಲು 'ಮಿನಿ ವಿಧಾನಸೌಧ' ಅಂತ ಇತ್ತು. 2022ರಲ್ಲಿ ಅದನ್ನು 'ತಾಲ್ಲೂಕು ಆಡಳಿತ ಸೌಧ' ಮಾಡಿದರು. ಈಗ ಹೊಸದಾಗಿ ಕಟ್ಟುವುದಕ್ಕೆ 'ಪ್ರಜಾಸೌಧ'. ನಮ್ಮ ಹೊಸ ತಾಲ್ಲೂಕಿಗೂ ಒಂದು ಪ್ರಜಾಸೌಧ ಬರುತ್ತದಂತೆ. ಜಾಗ ಗುರುತಿಸಿದ್ದಾರೆ ಅಂತ ಆ ಎರಡು ಮೇಜಿನವರಲ್ಲಿ ಒಬ್ಬರು ಹೇಳಿದರು.

ಪೌತಿ ಖಾತೆ ಕೊನೆಗೆ ಆಯಿತು. ಐದು ಸಲ ಹೋಗಿ ಬಂದೆ. ನಕಲು ಹಳೇ ತಾಲ್ಲೂಕಿನಿಂದ ತಂದೆ, ವಂಶವೃಕ್ಷ ಮಾಡಿಸಿದೆ, ತಂಗಿಯನ್ನು ಕರೆಸಿ ಸಹಿ ಹಾಕಿಸಿದೆ. ನೋಟಿಸಿನ ಅವಧಿ ಮುಗಿಯಿತು. ಮೂರು ವೃತ್ತಗಳ ಪ್ರಭಾರ ಹೊತ್ತ ಗ್ರಾಮ ಆಡಳಿತ ಅಧಿಕಾರಿ ಒಬ್ಬ ಚಿಕ್ಕ ಹುಡುಗಿ. ರಾತ್ರಿ ಎಂಟೂವರೆಗೆ ಫೋನ್ ಮಾಡಿ, "ಅಂಕಲ್, ನಿಮ್ದು ಇವತ್ತು ಅಪ್‌ಲೋಡ್ ಮಾಡಿದೀನಿ, ಆರ್‌ಐ ಸರ್ ಅಪ್ರೂವ್ ಮಾಡ್ತಾರೆ" ಅಂದಳು. ಹಿಂದೆ ಕುಕ್ಕರ್ ವಿಷಲ್ ಕೇಳಿಸುತ್ತಿತ್ತು.

ಹದಿನೈದು ದಿನದ ಮೇಲೆ ಪಹಣಿ ತೆಗೆಸಿದೆ. ಅವ್ವನ ಹೆಸರು ಬಂದಿತ್ತು. ಅಪ್ಪನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅದಕ್ಕೆ ತಿದ್ದುಪಡಿ ಅರ್ಜಿ ಬೇರೆ ಕೊಡಬೇಕಂತೆ.